ಲ್ಯಾಕ್ಟೋಮೀಟರ್ ಹೇಳೋದೆಷ್ಟು?

2018ರ ಜುಲೈ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಆಟೋದವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ, ಇಬ್ಬರು ಸಂಶೋಧಕರು ಆರ್‌ಕೈವ್ ತಾಣಕ್ಕೆ ಒಂದು ಪ್ರಬಂಧ ಏರಿಸಿದರು. ಚಿನ್ನದೊಳಗೆ ಬೆಳ್ಳಿಯ ನ್ಯಾನೋ ಕಣಗಳನ್ನು ಕೂರಿಸಿದ ವಸ್ತುವೊಂದು ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಸೂಪರ್‌ಕಂಡಕ್ಟರ್ ಆಗುತ್ತದೆ, ಅದೂ ಸಾಮಾನ್ಯ ಗಾಳಿಯ ಒತ್ತಡದಲ್ಲಿ, ಅನ್ನೋದು ಅದರ ಸಾರ. ಸೂಪರ್‌ಕಂಡಕ್ಟರ್ ಅಂದರೆ ವಿದ್ಯುತ್ತಿಗೆ ಎಳ್ಳಷ್ಟೂ ತಡೆ ಒಡ್ಡದ ವಸ್ತು. ಸಾಮಾನ್ಯ ಒತ್ತಡದಲ್ಲಿ ಅಲ್ಲಿಯವರೆಗಿನ ದಾಖಲೆ ಮೈನಸ್ 138ರ ಆಸುಪಾಸಿನಲ್ಲಿತ್ತು. ನೂರು ಡಿಗ್ರಿಯ ಜಿಗಿತ ಅಂದರೆ ನೊಬೆಲ್ ಮಾತು. ಪ್ರಪಂಚದ ಭೌತವಿಜ್ಞಾನಿಗಳೆಲ್ಲ ಬೆಂಗಳೂರಿನ ಕಡೆ ತಿರುಗಿ ನೋಡಿದರು.

ಹಾಗೆ ನೋಡಿದವರಲ್ಲಿ ಎಂಐಟಿಯಲ್ಲಿದ್ದ ಬ್ರಯಾನ್ ಸ್ಕಿನ್ನರ್ ಒಬ್ಬರು. ಪ್ರಬಂಧದ ಒಂದು ಗ್ರಾಫಿನಲ್ಲಿ ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ತೆಗೆದ ಅಳತೆಗಳನ್ನು ಬಣ್ಣದ ಚುಕ್ಕೆಗಳಲ್ಲಿ ತೋರಿಸಿದ್ದರು. ಎರಡು ಬಣ್ಣದ ಚುಕ್ಕೆಸಾಲುಗಳ ನಡುಕ ಒಂದೇ ಥರ ಇತ್ತು. ಒಂದು ಸಾಲನ್ನು ಎತ್ತಿ ಇನ್ನೊಂದರ ಮೇಲೆ ಇಟ್ಟರೆ ಕೂರುವಂತೆ. ಅಳತೆಯಲ್ಲಿ ನಡುಕ ಇರೋದು ಸಹಜ, ಅದನ್ನೇ ನಾಯ್ಸ್ ಅನ್ನುತ್ತಾರೆ. ಆದರೆ ಅದು ಪ್ರತಿ ಸಲ ಬೇರೆಯಾಗಿರಬೇಕು. ಎರಡು ಹೊಲದಲ್ಲಿ ಕೈಯಲ್ಲಿ ಎರಚಿ ರಾಗಿ ಬಿತ್ತಿದಾಗ ಕಾಳು ಕಾಳೂ ಅದದೇ ಜಾಗಕ್ಕೆ ಬಿತ್ತು ಅಂದರೆ ನಂಬುತ್ತೀರಾ? ಆಗಸ್ಟ್‌ನಲ್ಲಿ ಸ್ಕಿನ್ನರ್ ಇದನ್ನೇ ಒಂದು ಚಿಕ್ಕ ಟಿಪ್ಪಣಿಯಾಗಿ ಬರೆದು ಅದೇ ಆರ್‌ಕೈವ್‌ಗೆ ಹಾಕಿದರು. ಮೋಸ ಅನ್ನುವ ಪದ ಬಳಸಲಿಲ್ಲ. ಹೀಗೊಂದು ಹೋಲಿಕೆ ಕಾಣುತ್ತಿದೆ, ಗಮನಿಸಿ, ಅಷ್ಟೇ. ಬೆಂಗಳೂರಿನ ತಂಡ 2019ರ ಮೇನಲ್ಲಿ ಹೆಚ್ಚು ಅಳತೆಗಳು, ಹೆಚ್ಚು ಲೇಖಕರೊಂದಿಗೆ ಪರಿಷ್ಕರಿಸಿದ ಪ್ರಬಂಧ ಹಾಕಿತು. ವಿಜ್ಞಾನ ಲೋಕ ಅದನ್ನು ಸಾಬೀತಾದ ಶೋಧ ಅಂತ ಇವತ್ತಿನವರೆಗೂ ಒಪ್ಪಿಕೊಂಡಿಲ್ಲ.

ನಾನು ಸಾಫ್ಟ್‌ವೇರ್ ಕೆಲಸದವನು. ಈ ಕಥೆ ಓದಿದಾಗ ನನಗೆ ಮೊದಲು ಹೊಳೆದದ್ದು ಬೇರೆ. ಎರಡು ಸಾಲು ಸಂಖ್ಯೆ ಒಂದನ್ನೊಂದು ಹೋಲುತ್ತಾವಾ ಅಂತ ನೋಡೋಕೆ ಮನುಷ್ಯ ಯಾಕೆ ಬೇಕು? ಹತ್ತು ಸಾಲಿನ ಕೋಡ್ ಸಾಕಲ್ವಾ? ದಿನಕ್ಕೆ ನೂರಾರು ಪ್ರಬಂಧ ಏರುವ ಕಡೆ ಒಬ್ಬ ಸ್ಕಿನ್ನರ್ ಕಣ್ಣಿಗೆ ಬೀಳೋದನ್ನೇ ಕಾಯುತ್ತಾ ಕೂರಬೇಕಾ? ಹುಡುಕುತ್ತಾ ಹೋದರೆ ಈ ಪ್ರಶ್ನೆಗೆ ಒಂದು ಇತಿಹಾಸವೇ ಇದೆ.

ಪ್ರಿಪ್ರಿಂಟ್ ಅಂದರೆ ಬೇರೆ ತಜ್ಞರು ಪರಿಶೀಲಿಸುವ ಮುಂಚೆಯೇ ಸಂಶೋಧಕ ಹಂಚುವ ಪ್ರಬಂಧ. ಇದು ಇಂಟರ್ನೆಟ್ ತಂದ ಚಾಳಿ ಅಂತ ಅಂದುಕೊಂಡವರು ಬಹಳ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1961ರಲ್ಲೇ ಇಂಥದ್ದೊಂದು ಏರ್ಪಾಡು ಶುರು ಮಾಡಿತ್ತು. ಜೀವವಿಜ್ಞಾನಿಗಳು ಕರಡು ಕಳಿಸಿದರೆ ಸಂಸ್ಥೆ ಪ್ರತಿ ತೆಗೆದು ಗುಂಪಿನ ಸದಸ್ಯರಿಗೆಲ್ಲ ಅಂಚೆಯಲ್ಲಿ ಕಳಿಸೋದು. 3,600ಕ್ಕೂ ಹೆಚ್ಚು ಜನ ಸೇರಿಕೊಂಡರು, 2,500ಕ್ಕೂ ಹೆಚ್ಚು ಕರಡುಗಳು ಓಡಾಡಿದವು. ಹೀಗೆ ಹಂಚಿದ್ದನ್ನು ನಾವು ಅಚ್ಚು ಹಾಕಲ್ಲ ಅಂತ ಪತ್ರಿಕೆಗಳು ಪಟ್ಟು ಹಿಡಿದವು. 1967ರ ಹೊತ್ತಿಗೆ ಅಂಗಡಿ ಮುಚ್ಚಿತು.

ಎರಡನೇ ಸಲ ಅದು ಭೌತವಿಜ್ಞಾನಿಗಳ ಕೈಯಲ್ಲಿ ಹುಟ್ಟಿತು. 1991ರ ಆಗಸ್ಟ್‌ನಲ್ಲಿ ಲಾಸ್ ಅಲಾಮೋಸ್‌ನ ಪಾಲ್ ಗಿನ್ಸ್‌ಪಾರ್ಗ್ ಇ-ಮೇಲ್ ಮೂಲಕ ಕರಡುಗಳನ್ನು ತೆಗೆದುಕೊಂಡು ಹಂಚುವ ಒಂದು ವ್ಯವಸ್ಥೆ ಬರೆದರು. ವರ್ಷಕ್ಕೆ ಒಂದು ನೂರು ಪ್ರಬಂಧ ಬರಬಹುದು ಅನ್ನೋದು ಅವರ ಅಂದಾಜು. ಅದೇ ಮುಂದೆ ಆರ್‌ಕೈವ್ ಆಯಿತು. ಈಗ ತಿಂಗಳಿಗೆ 20,000ಕ್ಕೂ ಹೆಚ್ಚು ಪ್ರಬಂಧಗಳು ಬರುತ್ತವೆ. 2013ರಲ್ಲಿ ಜೀವವಿಜ್ಞಾನಕ್ಕೆ ಬಯೋಆರ್‌ಕೈವ್, 2019ರಲ್ಲಿ ವೈದ್ಯಕೀಯಕ್ಕೆ ಮೆಡ್‌ಆರ್‌ಕೈವ್ ಬಂದವು. ಇಷ್ಟನ್ನೂ ಕೂತು ಓದೋಕೆ ಯಾರ ಕೈಲೂ ಆಗಲ್ಲ. ಯಂತ್ರ ಒಳಗೆ ಬಂದದ್ದು ಈ ಸಂದಿಯಿಂದ.

ನಮ್ಮ ವೃತ್ತಿಯಲ್ಲಿ ಯಂತ್ರ ಬೇಗ ಬಂತು. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಯ ಕೋಡನ್ನು ಓದಿ ಅನುಮಾನ ಬಂದ ಕಡೆ ಕೈ ತೋರಿಸುವ ಲಿಂಟ್ ಅನ್ನೋ ಪ್ರೋಗ್ರಾಂ ಬರೆದರು. ಬಟ್ಟೆಗೆ ಅಂಟಿರೋ ನೂಲಿನ ಚೂರಿಗೆ ಇಂಗ್ಲಿಷಲ್ಲಿ ಲಿಂಟ್ ಅನ್ನುತ್ತಾರೆ. ಅದನ್ನು ಕೊಡವಿಕೊಳ್ಳೋ ಕೆಲಸ, ಅಷ್ಟೇ. ಲಿಂಟ್ ನಿಮ್ಮ ಪ್ರೋಗ್ರಾಂ ಸರಿಯಿದೆ ಅಂತ ಯಾವತ್ತೂ ಹೇಳಲ್ಲ. ಇಲ್ಲಿ ನೋಡಿ, ಅಲ್ಲಿ ನೋಡಿ ಅನ್ನುತ್ತೆ. ಎಷ್ಟೋ ಸಲ ಅಲ್ಲೇನೂ ಇರಲ್ಲ. ಆದರೂ ಇವತ್ತು ಅದರ ಮೊಮ್ಮಕ್ಕಳನ್ನು ಓಡಿಸದೆ ಯಾವ ತಂಡವೂ ಕೋಡ್ ಸೇರಿಸಲ್ಲ.

ವಿಜ್ಞಾನದ ಪ್ರಬಂಧಗಳಿಗೆ ಇಂಥದ್ದೊಂದು ಬೇಕು ಅನ್ನೋದನ್ನು ತೋರಿಸಿದ್ದು ಒಂದು ಕಿಡಿಗೇಡಿತನ. 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ಸೈಜೆನ್ ಅನ್ನೋ ಪ್ರೋಗ್ರಾಂ ಬರೆದರು. ಗುಂಡಿ ಒತ್ತಿದರೆ ಕಂಪ್ಯೂಟರ್ ಸೈನ್ಸ್ ಪ್ರಬಂಧ ಸಿದ್ಧ. ಗ್ರಾಫ್ ಇದೆ, ಉಲ್ಲೇಖ ಇದೆ, ಅರ್ಥ ಮಾತ್ರ ಇಲ್ಲ. ಅದರಲ್ಲೊಂದನ್ನು ಒಂದು ಅಂತರರಾಷ್ಟ್ರೀಯ ಸಮ್ಮೇಳನ ಸ್ವೀಕರಿಸಿಯೂ ಬಿಟ್ಟಿತು. ನಗು ಅಲ್ಲಿಗೆ ಮುಗಿಯಬೇಕಿತ್ತು. ಫ್ರಾನ್ಸಿನ ಸಿರಿಲ್ ಲಾಬೆ ಇಂಥ ಪ್ರಬಂಧಗಳನ್ನು ಹಿಡಿಯುವ ಸಾಧನ ಬರೆದು ಜಾಲಾಡಿದರೆ, ಸ್ಪ್ರಿಂಗರ್ ಮತ್ತು ಐಟ್ರಿಪಲ್‌ಇ ಸಂಗ್ರಹದಲ್ಲೇ 120ಕ್ಕೂ ಹೆಚ್ಚು ಸಿಕ್ಕವು. 2014ರಲ್ಲಿ ಅವನ್ನು ತೆಗೆದುಹಾಕಬೇಕಾಯಿತು. ಅವು ಪ್ರಿಪ್ರಿಂಟ್‌ಗಳಲ್ಲ ಅನ್ನೋದು ಗಮನಿಸಿ. ಪರಿಶೀಲನೆ ಆಗಿದೆ ಅಂತ ದುಡ್ಡು ತೆಗೆದುಕೊಂಡು ಮಾರಿದ ಸರಕು.

ಅದೇ ವರ್ಷ ಗಿನ್ಸ್‌ಪಾರ್ಗ್ ನೇಚರ್ ಪತ್ರಿಕೆಯಲ್ಲಿ ತಮ್ಮ ಕಡೆಯ ಗುಟ್ಟು ಬರೆದರು. ಆರ್‌ಕೈವ್‌ಗೆ ಬರುವ ಪ್ರಬಂಧದಲ್ಲಿ ದೊಡ್ಡ ದೊಡ್ಡ ಪದ ಬಿಟ್ಟು ದಿ, ಆಫ್, ಆಂಡ್ ಥರದ ಪುಡಿ ಪದ ಎಷ್ಟೆಷ್ಟು ಸಲ ಬಂದಿವೆ ಅಂತ ಯಂತ್ರ ಎಣಿಸುತ್ತೆ. ಮನುಷ್ಯರು ಬರೆದ ನಿಜವಾದ ಪ್ರಬಂಧಗಳಲ್ಲಿ ಈ ಲೆಕ್ಕ ಹೆಚ್ಚು ಕಮ್ಮಿ ಒಂದೇ ಹದದಲ್ಲಿ ಇರುತ್ತೆ, ಯಂತ್ರ ಹೆಣೆದದ್ದು ಆ ಹದ ತಪ್ಪಿ ಎದ್ದು ಕಾಣುತ್ತೆ. ಅಡುಗೆ ಗೊತ್ತಿರೋರು ಮಸಾಲೆಗಿಂತ ಮೊದಲು ಉಪ್ಪು ನೋಡ್ತಾರಲ್ಲ, ಹಾಗೆ.

ಇಲ್ಲಿಯವರೆಗೆ ಯಂತ್ರ ನೋಡಿದ್ದು ಪದಗಳನ್ನು. ಸಂಖ್ಯೆಗೆ ಕೈ ಹಾಕಿದ್ದು ನೆದರ್ಲೆಂಡ್ಸ್‌ನ ಮನಃಶಾಸ್ತ್ರಜ್ಞರು. ಮಿಶೆಲ್ ನೌಟನ್ ಮತ್ತು ಸಾಶಾ ಎಪ್ಸ್‌ಕಾಂಪ್ ಬರೆದ ಸ್ಟ್ಯಾಟ್‌ಚೆಕ್ ಮಾಡೋದು ಒಂದೇ ಕೆಲಸ. ಕಿರಾಣಿ ಅಂಗಡಿ ಚೀಟಿಯಲ್ಲಿ ತೂಕ, ದರ, ಮೊತ್ತ ಮೂರೂ ಬರೆದಿರುತ್ತಾರೆ. ಎರಡು ಗೊತ್ತಾದರೆ ಮೂರನೆಯದನ್ನು ನೀವೇ ಲೆಕ್ಕ ಹಾಕಬಹುದು. ಸಂಖ್ಯಾಶಾಸ್ತ್ರದ ಪರೀಕ್ಷೆಯ ಫಲಿತಾಂಶವೂ ಹಾಗೇ ಮೂರು ಸಂಖ್ಯೆಯಲ್ಲಿ ಅಚ್ಚಾಗುತ್ತೆ. ಪರೀಕ್ಷೆಯ ಬೆಲೆ, ಫ್ರೀಡಂ ಡಿಗ್ರಿ, ಕೊನೆಗೆ ಪಿ-ಬೆಲೆ. ಮೊದಲೆರಡರಿಂದ ಮೂರನೆಯದನ್ನು ಮತ್ತೆ ಲೆಕ್ಕ ಹಾಕಿ, ಚೀಟಿ ತಾಳೆ ಆಗುತ್ತಾ ಅಂತ ಸ್ಟ್ಯಾಟ್‌ಚೆಕ್ ನೋಡುತ್ತೆ. 1985ರಿಂದ 2013ರವರೆಗೆ ಎಂಟು ದೊಡ್ಡ ಮನಃಶಾಸ್ತ್ರ ಪತ್ರಿಕೆಗಳಲ್ಲಿ ಬಂದ 2,50,000ಕ್ಕೂ ಹೆಚ್ಚು ಪಿ-ಬೆಲೆಗಳನ್ನು ಹೀಗೆ ಜರಡಿ ಹಿಡಿದರು. ಇಂಥ ಪರೀಕ್ಷೆ ಬಳಸಿದ ಪ್ರಬಂಧಗಳಲ್ಲಿ ಅರ್ಧದಷ್ಟರಲ್ಲಿ ಒಂದಾದರೂ ತಾಳೆಯಾಗದ ಸಂಖ್ಯೆ ಇತ್ತು. ಎಂಟರಲ್ಲಿ ಒಂದರಲ್ಲಿ ಆ ತಪ್ಪು ತೀರ್ಮಾನವನ್ನೇ ತಿರುಗಿಸಬಹುದಾದಷ್ಟು ದೊಡ್ಡದಿತ್ತು.

2016ರಲ್ಲಿ ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ ಇನ್ನೂ ಸರಳವಾದ ಒಂದನ್ನು ತಂದರು, ಗ್ರಿಮ್ ಪರೀಕ್ಷೆ. ಅದನ್ನೂ ಮೊದಲು ಪ್ರಿಪ್ರಿಂಟ್ ಆಗಿಯೇ ಹಾಕಿದ್ದು. ಎಸ್ಸೆಸ್ಸೆಲ್ಸಿ ಗಣಿತ ಸಾಕು ಇದಕ್ಕೆ. 25 ಜನರಿಗೆ ಒಂದರಿಂದ ಐದರವರೆಗೆ ಅಂಕ ಕೊಡಿ ಅಂದಿರಿ, ಎಲ್ಲರೂ ಪೂರ್ಣ ಸಂಖ್ಯೆ ಕೊಟ್ಟರು. ಸರಾಸರಿ 3.47 ಬಂತು ಅಂತ ಪ್ರಬಂಧ ಹೇಳುತ್ತೆ. ಸಾಧ್ಯವೇ ಇಲ್ಲ. ಒಟ್ಟು 86 ಆದರೆ ಸರಾಸರಿ 3.44, ಒಟ್ಟು 87 ಆದರೆ 3.48. ಇವೆರಡರ ನಡುವೆ ಏನೂ ಇಲ್ಲ. ಅವರು 260 ಪ್ರಬಂಧ ನೋಡಿ, ಈ ಪರೀಕ್ಷೆಗೆ ಒಗ್ಗುವ 71ನ್ನು ಆರಿಸಿಕೊಂಡರು. ಸುಮಾರು ಅರ್ಧದಲ್ಲಿ ಒಂದಾದರೂ ಇಂಥ ಅಸಾಧ್ಯ ಸರಾಸರಿ ಇತ್ತು. 21 ಪ್ರಬಂಧಗಳ ಮೂಲ ದತ್ತಾಂಶ ಕಳಿಸಿ ಅಂತ ಕೇಳಿದರು. ಒಂಬತ್ತು ಕಡೆಯಿಂದ ಬಂತು. ಒಂಬತ್ತರಲ್ಲೂ ಏನಾದರೊಂದು ತಪ್ಪು ಇದ್ದೇ ಇತ್ತು. ಮೂರಕ್ಕೆ ದೊಡ್ಡ ತಿದ್ದುಪಡಿಯೇ ಬೇಕಾಯಿತು. ಈ ಒಂಬತ್ತು ಮತ್ತು 21 ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

ಗಲಾಟೆ ಶುರುವಾಗಿದ್ದೂ ಅದೇ 2016ರಲ್ಲಿ. ಟಿಲ್‌ಬರ್ಗ್ ವಿಶ್ವವಿದ್ಯಾಲಯದ ಕ್ರಿಸ್ ಹಾರ್ಟ್‌ಗೆರಿಂಕ್ ಸ್ಟ್ಯಾಟ್‌ಚೆಕ್ಕನ್ನು 50,000ಕ್ಕೂ ಹೆಚ್ಚು ಪ್ರಬಂಧಗಳ ಮೇಲೆ ಓಡಿಸಿ, ಪ್ರತಿಯೊಂದರ ವರದಿಯನ್ನೂ ಪಬ್‌ಪಿಯರ್ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದರು. ತಪ್ಪು ಇಲ್ಲದವಕ್ಕೂ ವರದಿ. ಬೆಳಗ್ಗೆ ಎದ್ದು ನೋಡಿದರೆ ಲೇಖಕರ ಇ-ಮೇಲ್‌ನಲ್ಲಿ ನಿಮ್ಮ ಪ್ರಬಂಧದ ಮೇಲೆ ಟಿಪ್ಪಣಿ ಬಂದಿದೆ ಅನ್ನೋ ಸೂಚನೆ. ಜರ್ಮನಿಯ ಮನಃಶಾಸ್ತ್ರ ಸಂಘ ಬಹಿರಂಗವಾಗಿ ಆಕ್ಷೇಪ ಎತ್ತಿತು. ಯಂತ್ರದ ಎಣಿಕೆಯೇ ತಪ್ಪಿದ್ದರೆ? ಲೇಖಕರನ್ನು ಮೊದಲು ಕೇಳಬೇಡವಾ? ಇನ್ನೊಂದು ಕಡೆಯವರು, ಅಚ್ಚಾದ ಸಂಖ್ಯೆ ಕೂಡಿ ನೋಡಿದರೆ ಅದರಲ್ಲಿ ಅವಮಾನ ಏನು ಬಂತು ಅಂದರು.

ಎರಡೂ ಮಾತಿನಲ್ಲಿ ಹುರುಳಿದೆ. ನಾನು ಯಾವ ಕಡೆ ಅಂತ ಹೇಳುವ ಮುಂಚೆ ಊರಿನ ವಿಷಯ ಒಂದು ಹೇಳಬೇಕು.

ನಾನು ಹೈಸ್ಕೂಲಲ್ಲಿದ್ದಾಗ ನಮ್ಮೂರಿನ ಡೇರಿಗೆ ಹಾಲು ಹಾಕಲು ಹೋಗುತ್ತಿದ್ದೆ. ಸೆಕ್ರೆಟರಿ ಕ್ಯಾನಿನಿಂದ ಒಂದಿಷ್ಟು ತೆಗೆದು ಲ್ಯಾಕ್ಟೋಮೀಟರ್ ಬಿಡುತ್ತಿದ್ದರು. ನೀರು ಬೆರೆತಿದ್ದರೆ ಹಾಲು ತೆಳುವಾಗುತ್ತೆ, ಕೊಳವೆ ಹೆಚ್ಚು ಮುಳುಗುತ್ತೆ. ಒಂದು ಬೇಸಿಗೆ ಒಬ್ಬ ಅಜ್ಜಿಯ ಹಾಲಿನಲ್ಲಿ ಕೊಳವೆ ಮುಳುಗಿತು. ಸಾಲಿನಲ್ಲಿ ಮೂವತ್ತು ಜನ ಇದ್ದರು. ‘ಏನಜ್ಜಿ, ಬೋರ್‌ವೆಲ್ ಪಕ್ಕದಲ್ಲಿ ಕೂತು ಕರದ್ಯಾ?’ ಅಂದರು ಸೆಕ್ರೆಟರಿ. ಎಲ್ಲ ನಕ್ಕರು. ಅಜ್ಜಿ ನಗಲಿಲ್ಲ. ‘ನನ್ನೇನ್ ಕೇಳ್ತೀಯಪ್ಪ, ಬಂದು ಹಸಾನೇ ಕೇಳು’ ಅಂದು ಕ್ಯಾನ್ ಎತ್ತಿಕೊಂಡು ಹೋದರು. ಮಾರನೇ ದಿನ ಸೂಪರ್‌ವೈಸರ್ ನಿಜವಾಗಿಯೂ ಹಟ್ಟಿಗೇ ಹೋಗಿ, ಎದುರಲ್ಲೇ ಕರೆಸಿ ಅಳೆದರು. ಆಗಲೂ ಕೊಳವೆ ಅಷ್ಟೇ ಮುಳುಗಿತು. ಮೇವಿಲ್ಲದೆ ಹಸು ಬಡವಾಗಿತ್ತು, ಹಾಲೂ ಬಡವಾಗಿತ್ತು. ಸಾಲಿನಲ್ಲಿ ನಕ್ಕವರಿಗೆ ಈ ಎರಡನೇ ಅಳತೆಯ ಸುದ್ದಿ ಹೇಳಲು ಯಾರೂ ಹೋಗಲಿಲ್ಲ. ಅಜ್ಜಿ ಆಮೇಲೆ ಡೇರಿ ಬಿಟ್ಟು ಹೋಟೆಲ್ಲಿಗೆ ಹಾಲು ಕೊಡಲು ಶುರು ಮಾಡಿದರು.

ಆದರೆ ಲ್ಯಾಕ್ಟೋಮೀಟರೇ ಬೇಡ ಅಂದರೆ ಮಾರನೇ ದಿನವೇ ಅರ್ಧ ಊರು ನೀರು ಬೆರೆಸುತ್ತೆ. ಇನ್ನೊಂದು ವಿಷಯ ಕೇಳಿ. ಹಾಲಿನ ಕೆನೆ ತೆಗೆದರೆ ಅದರ ಸಾಂದ್ರತೆ ಏರುತ್ತೆ. ಹಾಗಾಗಿ ಕೆನೆಯನ್ನೂ ತೆಗೆದು ನೀರನ್ನೂ ಹದವಾಗಿ ಬೆರೆಸಿದರೆ ಕೊಳವೆ ಸರಿಯಾದ ಗೆರೆಗೇ ಬಂದು ನಿಲ್ಲುತ್ತೆ. ಎರಡು ಮೋಸ ಸೇರಿ ಒಂದು ಒಳ್ಳೆಯ ಅಳತೆ! ಅದಕ್ಕೇ ಡೇರಿಯಲ್ಲಿ ಫ್ಯಾಟ್ ಬೇರೆಯಾಗಿ ನೋಡೋದು. ಪ್ರಾಮಾಣಿಕ ಅಜ್ಜಿ ಸಿಕ್ಕಿಬಿದ್ದು, ಲೆಕ್ಕ ಬಲ್ಲ ಕಳ್ಳ ಪಾಸಾಗೋದು ಒಂದೇ ಸಾಧನದಲ್ಲಿ ಸಾಧ್ಯ.

ಈ ಮಾತು ಬರೀ ಮನಃಶಾಸ್ತ್ರದ ಪಿ-ಬೆಲೆಗೆ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕೋವಿಡ್ ಬಂತು.

2020ರ ಜನವರಿ 31ರಂದು ದೆಹಲಿಯ ಸಂಶೋಧಕರ ಒಂದು ಪ್ರಬಂಧ ಬಯೋಆರ್‌ಕೈವ್‌ಗೆ ಏರಿತು. ಹೊಸ ವೈರಸ್ಸಿನ ಮುಳ್ಳು ಪ್ರೋಟೀನಿನಲ್ಲಿ ಎಚ್‌ಐವಿಯನ್ನು ಹೋಲುವ ನಾಲ್ಕು ತುಣುಕು ಇವೆ ಅನ್ನೋದು ಅದರ ವಾದ. ವೈರಸ್ ಲ್ಯಾಬಲ್ಲಿ ಮಾಡಿದ್ದು ಅನ್ನೋ ಗುಸುಗುಸುಗೆ ತುಪ್ಪ ಸುರಿದಂತಾಯಿತು. ಆ ತುಣುಕುಗಳು ಎಷ್ಟು ಗಿಡ್ಡ ಅಂದರೆ ಹುಡುಕಿದರೆ ಎಷ್ಟೋ ಬೇರೆ ಜೀವಿಗಳಲ್ಲೂ ಸಿಗುತ್ತವೆ. ಸಾರ್ವಜನಿಕ ಜೀನ್ ಕೋಶದಲ್ಲಿ ಹುಡುಕಿ ತೋರಿಸಿದವರು ಪ್ರಪಂಚದ ಬೇರೆ ಬೇರೆ ಮೂಲೆಯ ವಿಜ್ಞಾನಿಗಳು. ಫೆಬ್ರವರಿ 2ಕ್ಕೆ ಲೇಖಕರೇ ಪ್ರಬಂಧ ಹಿಂತೆಗೆದುಕೊಂಡರು. ಎರಡೇ ದಿನ. ಪ್ರಿಪ್ರಿಂಟ್‌ನ ಶಕ್ತಿಯೂ ಇದೇ, ಅಪಾಯವೂ ಇದೇ. ಹಿಂತೆಗೆದ ಸುದ್ದಿ ಎಲ್ಲರಿಗೂ ತಲುಪಲಿಲ್ಲ, ಏರಿಸಿದ್ದು ವಾಟ್ಸ್‌ಆ್ಯಪಲ್ಲಿ ಓಡಿತು.

ಇನ್ನೊಂದು ಅಷ್ಟು ಬೇಗ ಸಿಗಲಿಲ್ಲ. 2020ರ ನವೆಂಬರ್‌ನಲ್ಲಿ ಈಜಿಪ್ಟಿನ ಒಂದು ತಂಡದ ಪ್ರಬಂಧ ರಿಸರ್ಚ್ ಸ್ಕ್ವೇರ್ ಅನ್ನೋ ಪ್ರಿಪ್ರಿಂಟ್ ತಾಣಕ್ಕೆ ಬಂತು. ಐವರ್ಮೆಕ್ಟಿನ್ ಕೊಟ್ಟರೆ ಕೋವಿಡ್ ಸಾವು 90 ಪರ್ಸೆಂಟ್‌ಗಿಂತ ಹೆಚ್ಚು ಇಳಿಯುತ್ತೆ ಅಂತ. ನಮ್ಮ ಕಡೆ ದನಕ್ಕೆ ಉಣ್ಣೆ ಹುಳ ಹತ್ತಿದರೆ ಪಶುವೈದ್ಯರು ಕೊಡುವ ಇಂಜೆಕ್ಷನ್ ಇದೇ ಔಷಧದ್ದು. ಬೇರೆ ಬೇರೆ ಅಧ್ಯಯನಗಳನ್ನು ಕೂಡಿಸಿ ಸರಾಸರಿ ತೆಗೆದವರು ಈ ಪ್ರಬಂಧವನ್ನೂ ಸೇರಿಸಿಕೊಂಡಿದ್ದರು, ಇದರಿಂದಲೇ ಔಷಧದ ಪರ ತಕ್ಕಡಿ ವಾಲಿತ್ತು. 2021ರ ಮೇನಲ್ಲಿ, ಎರಡನೇ ಅಲೆಯಲ್ಲಿ ಜನ ಬೆಡ್ ಸಿಗದೆ ಸಾಯುತ್ತಿದ್ದಾಗ, ಪಕ್ಕದ ಗೋವಾ ಸರ್ಕಾರ 18 ದಾಟಿದ ಎಲ್ಲರಿಗೂ ಐವರ್ಮೆಕ್ಟಿನ್ ಕೊಡುವುದಾಗಿ ಘೋಷಿಸಿತು. ಆ ಒಂದು ಪ್ರಬಂಧದಿಂದಲೇ ಹೀಗಾಯಿತು ಅಂತ ಹೇಳಿದರೆ ಅನ್ಯಾಯ. ಆದರೆ ಆ ಹೊತ್ತಿನ ನಂಬಿಕೆಯ ಗಾಳಿಯಲ್ಲಿ ಅದೂ ಇತ್ತು.

ಅದನ್ನು ಹಿಡಿದದ್ದು ಲಂಡನ್ನಿನ ವಿದ್ಯಾರ್ಥಿ ಜ್ಯಾಕ್ ಲಾರೆನ್ಸ್. ಮೊದಲು ಅನುಮಾನ ಬಂದದ್ದು ಭಾಷೆಯಿಂದ. ಸಿವಿಯರ್ ಅಕ್ಯೂಟ್ ರೆಸ್ಪಿರೇಟರಿ ಸಿಂಡ್ರೋಮ್ ಅನ್ನೋ ಎಲ್ಲರಿಗೂ ಗೊತ್ತಿರೋ ಹೆಸರು ಅಲ್ಲಿ ಎಕ್ಸ್‌ಟ್ರೀಮ್ ಇಂಟೆನ್ಸ್ ರೆಸ್ಪಿರೇಟರಿ ಸಿಂಡ್ರೋಮ್ ಆಗಿತ್ತು. ಯಾರದೋ ಸಾಲು ಎತ್ತಿ, ಪದ ಬದಲಿಸಿದ ಗುರುತು. ಮೂಲ ದತ್ತಾಂಶದ ಕಡತಕ್ಕೆ ಪಾಸ್‌ವರ್ಡ್ ಇತ್ತು. 1234 ಅಂತ ಹಾಕಿದರು, ತೆರೆಯಿತು! ಒಳಗೆ ಅಧ್ಯಯನ ಶುರುವಾಗುವ ಮುಂಚೆಯೇ ತೀರಿಕೊಂಡ ರೋಗಿಗಳಿದ್ದರು. ನಿಕ್ ಬ್ರೌನ್ ಮುಂತಾದವರು ನೋಡಿದಾಗ ಒಬ್ಬರದೇ ವಿವರ ಇನ್ನೊಬ್ಬರ ಹೆಸರಲ್ಲಿ ಮರಳಿ ಬಂದಿದ್ದ ಸಾಲುಗಳೂ ಸಿಕ್ಕವು. 2021ರ ಜುಲೈನಲ್ಲಿ ತಾಣ ಪ್ರಬಂಧವನ್ನು ಹಿಂತೆಗೆಯಿತು. ಎಂಟು ತಿಂಗಳು ಕಳೆದಿತ್ತು. ಸೆಪ್ಟೆಂಬರ್‌ನಲ್ಲಿ ನಮ್ಮ ಐಸಿಎಂಆರ್ ಕೂಡ ಐವರ್ಮೆಕ್ಟಿನ್ನನ್ನು ತನ್ನ ಮಾರ್ಗಸೂಚಿಯಿಂದ ಕೈಬಿಟ್ಟಿತು.

ಈ ಹೊತ್ತಿನಲ್ಲಿ ಯಂತ್ರಗಳು ಎಲ್ಲಿದ್ದವು? ಇದ್ದವು. 2020ರಲ್ಲಿ ಇಂಥ ಸಾಧನ ಬರೆಯುವವರೇ ಒಂದು ಗುಂಪು ಕಟ್ಟಿಕೊಂಡು, ಬಯೋಆರ್‌ಕೈವ್ ಮತ್ತು ಮೆಡ್‌ಆರ್‌ಕೈವ್‌ಗೆ ಬಂದ ಸಾವಿರಾರು ಕೋವಿಡ್ ಪ್ರಬಂಧಗಳ ಮೇಲೆ ತಮ್ಮ ತಮ್ಮ ಸಾಧನ ಓಡಿಸಿ ವರದಿ ಹಾಕಿದರು. ಮೂಲ ದತ್ತಾಂಶ ಹಂಚಿದ್ದಾರಾ ಅಂತ ನೋಡೋಕೆ ಆಡ್‌ಪಬ್. ಬಣ್ಣಗುರುಡಿನವರಿಗೆ ಕಾಣದ ಕಾಮನಬಿಲ್ಲಿನ ಬಣ್ಣದ ನಕ್ಷೆ ಹಿಡಿಯೋಕೆ ಜೆಟ್‌ಫೈಟರ್. ದಾರಿ ತಪ್ಪಿಸುವ ಬಾರ್ ಗ್ರಾಫ್ ಹಿಡಿಯೋಕೆ ಬಾರ್‌ಝೂಕಾ. ನಮ್ಮ ಅಧ್ಯಯನದ ಮಿತಿ ಇದು ಅಂತ ಲೇಖಕರು ಒಪ್ಪಿಕೊಂಡಿದ್ದಾರಾ ಅಂತ ನೋಡೋಕೆ ಇನ್ನೊಂದು. ಉಪಯೋಗಕ್ಕೆ ಬರುವ ಕೆಲಸವೇ. ಆದರೆ ಪಟ್ಟಿ ಮತ್ತೆ ಓದಿ ನೋಡಿ. ಕ್ಯಾನ್ ತೊಳೆದಿದೆಯಾ, ಮುಚ್ಚಳ ಇದೆಯಾ ಅಂತ ನೋಡಿದ ಹಾಗೆ ಇದೆ. ಅಧ್ಯಯನ ಶುರುವಾಗುವ ಮುಂಚೆ ಸತ್ತ ರೋಗಿಯನ್ನು ಇವು ಹಿಡಿಯಲ್ಲ. ಅದು ಇದ್ದದ್ದು ಪ್ರಬಂಧದಲ್ಲಲ್ಲ, ದತ್ತಾಂಶದಲ್ಲಿ.

ಪದ ಬದಲಿಸುವ ಆ ಚಾಳಿಗೆ ಆಗಲೇ ಒಂದು ಹೆಸರು ಬಂದಿತ್ತು. ಗಿಯೋಮ್ ಕಬಾನಾಕ್, ಸಿರಿಲ್ ಲಾಬೆ, ಅಲೆಕ್ಸಾಂಡರ್ ಮಗಾಜಿನೋವ್ ಮೂವರು 2021ರಲ್ಲಿ ಒಂದು ಪ್ರಿಪ್ರಿಂಟ್ ಹಾಕಿ, ಇಂಥವಕ್ಕೆ ಹಿಂಸೆಗೊಂಡ ನುಡಿಗಟ್ಟು ಅಂತ ಹೆಸರಿಟ್ಟರು. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅನ್ನೋದು ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್ ಆಗಿತ್ತು, ಅಂದರೆ ಖೋಟಾ ಪ್ರಜ್ಞೆ. ಬಿಗ್ ಡೇಟಾ ಹೋಗಿ ಕೊಲಾಸಲ್ ಇನ್ಫರ್ಮೇಶನ್. ನಮ್ಮ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡನ್ನು ಯಾರಾದರೂ ‘ಭವ್ಯ ವಾಹನ ನಿಂತ ಜಾಗ’ ಅಂತ ಬರೆದರೆ ಹೇಗಿರುತ್ತೆ, ಹಾಗೆ. ಕಬಾನಾಕ್ ಅವರ ಸಾಧನ ಈಗ ಇಂಥ ನುಡಿಗಟ್ಟುಗಳ ಪಟ್ಟಿ ಇಟ್ಟುಕೊಂಡು ಪ್ರಬಂಧಗಳನ್ನು ಜಾಲಾಡುತ್ತೆ.

ಯಾಕೆ ಹೀಗೆ ಬರೆಯುತ್ತಾರೆ ಅನ್ನೋದಕ್ಕೆ ಫ್ರಾನ್ಸಿಗೆ ಹೋಗಬೇಕಿಲ್ಲ. ನಮ್ಮ ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯಲು ನಿಯಮ ಮಾಡಿತು. ಹೋಲಿಕೆ 10 ಪರ್ಸೆಂಟ್‌ವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40 ಆದರೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಉದ್ದೇಶ ಒಳ್ಳೆಯದೇ. ಆದರೆ ಒಂದು ಸಂಖ್ಯೆ ದಂಡನೆ ತೀರ್ಮಾನಿಸುತ್ತೆ ಅಂದ ತಕ್ಷಣ ಜನ ಕಳ್ಳತನ ಬಿಡಲ್ಲ, ಸಂಖ್ಯೆ ಇಳಿಸುತ್ತಾರೆ. ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ‘ಪರ್ಸೆಂಟೇಜ್ ಕಮ್ಮಿ ಮಾಡಿಕೊಡ್ತೀವಿ’ ಅನ್ನೋ ಮಾತು ನಾನೇ ಕೇಳಿದ್ದೇನೆ. ಪದ ಬದಲಿಸುವ ಸಾಫ್ಟ್‌ವೇರಿಗೆ ಹಾಕಿ ತೆಗೆದರೆ ಆಯಿತು. ಸ್ವಂತವಾಗಿ ಬರೆದರೂ, ಪ್ರಯೋಗದ ವಿಧಾನ ಎಲ್ಲರದೂ ಒಂದೇ ಆಗಿರೋದರಿಂದ 14 ಪರ್ಸೆಂಟ್ ತೋರಿಸಿತು ಅಂತ ಒದ್ದಾಡುವ ಹುಡುಗಿ ಒಂದು ಕಡೆ. ಇಡೀ ಅಧ್ಯಾಯ ಎತ್ತಿ, ಪದ ಬದಲಿಸಿ, 6 ಪರ್ಸೆಂಟ್ ತಂದು ಎದೆಯುಬ್ಬಿಸುವವನು ಇನ್ನೊಂದು ಕಡೆ. ಕೆನೆಯೂ ತೆಗೆದ, ನೀರೂ ಬೆರೆಸಿದ ಹಾಲು ಇದು.

ಈಗ ದೊಡ್ಡ ಭಾಷಾ ಮಾದರಿಗಳು ಬಂದಿವೆ. ಇವು ಪದ ಎಣಿಸೋದಿಲ್ಲ, ಓದಿದ ಹಾಗೇ ಮಾತಾಡುತ್ತವೆ. 2024ರಲ್ಲಿ ಕಪ್ಪು ಪ್ಲಾಸ್ಟಿಕ್ ಸೌಟಿನಲ್ಲಿ ಅಪಾಯಕಾರಿ ರಾಸಾಯನಿಕ ಇದೆ ಅನ್ನೋ ಒಂದು ಅಧ್ಯಯನ ಪತ್ರಿಕೆಯಲ್ಲಿ ಬಂದು ಪ್ರಪಂಚವೆಲ್ಲ ಸೌಟು ಬಿಸಾಡಿತು. ಒಂದು ಕೆಜಿ ಮೈತೂಕಕ್ಕೆ ದಿನಕ್ಕೆ 7,000 ನ್ಯಾನೋಗ್ರಾಂ ಮಿತಿ, 60 ಕೆಜಿ ಮನುಷ್ಯನಿಗೆ 42,000 ಅಂತ ಬರೆದಿದ್ದರು. 7,000ವನ್ನು 60ರಿಂದ ಗುಣಿಸಿ ನೋಡಿ, 4,20,000 ಬರುತ್ತೆ. ಒಂದು ಸೊನ್ನೆ ಬಿಟ್ಟುಹೋಗಿತ್ತು. ಮಿತಿಯ ಹತ್ತಿರ ಇದೆ ಅಂತ ಹೆದರಿಸಿದ್ದು ನಿಜದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇತ್ತು. ಇಂಥದ್ದನ್ನು ಎಐ ಹಿಡಿಯಬಲ್ಲದು ಅಂತ ತಕ್ಷಣ ಬ್ಲ್ಯಾಕ್ ಸ್ಪ್ಯಾಚುಲಾ ಅನ್ನೋ ಹೆಸರಲ್ಲೇ ಒಂದು ಯೋಜನೆ ಶುರುವಾಯಿತು. ಯೆಸ್‌ನೋಎರರ್ ಅನ್ನೋ ಇನ್ನೊಂದು ಎರಡು ತಿಂಗಳಲ್ಲಿ 37,000 ಪ್ರಬಂಧ ಓದಿತು. ಅದು ತಪ್ಪಿದೆ ಅಂದ 40 ಪ್ರಬಂಧಗಳನ್ನು ನಿಕ್ ಬ್ರೌನ್ ಕೂತು ನೋಡಿದರೆ, 14ರಲ್ಲಿ ಯಂತ್ರವೇ ತಪ್ಪಿತ್ತು.

40ರಲ್ಲಿ 14 ಸುಳ್ಳು ದೂರು ಲಿಂಟ್‌ನಲ್ಲಿ ಬಂದರೆ ನಾನು ಬೇಜಾರಿಲ್ಲದೆ ದಾಟಿ ಹೋಗುತ್ತೇನೆ. ಅದು ನನ್ನ ಪರದೆಯಲ್ಲಿ, ನನ್ನೊಬ್ಬನಿಗೆ ಕಾಣುತ್ತೆ. ಅದೇ 14 ದೂರು ಎಲ್ಲರೆದುರು ಹೆಸರಿನ ಸಮೇತ ಬಂದರೆ? ಕೆಲಸ ಖಾಯಂ ಆಗದ, ಸಣ್ಣ ಊರಿನ ಕಾಲೇಜಿನ ಸಂಶೋಧಕಿಗೆ ಅದನ್ನು ಅಲ್ಲಗಳೆಯಲು ಯಾವ ವೇದಿಕೆ ಇದೆ?

ಇತ್ತ ಯಂತ್ರ ಓದುತ್ತೆ ಅಂತ ಗೊತ್ತಾದವರು ಯಂತ್ರಕ್ಕೇ ಬರೆಯಲು ಶುರು ಮಾಡಿದ್ದಾರೆ. 2025ರ ಜುಲೈನಲ್ಲಿ ಜಪಾನಿನ ನಿಕ್ಕೆ ಪತ್ರಿಕೆ ಆರ್‌ಕೈವ್‌ನ 17 ಪ್ರಬಂಧಗಳಲ್ಲಿ ಗುಪ್ತ ಆದೇಶ ಪತ್ತೆ ಹಚ್ಚಿತು. 8 ದೇಶಗಳ 14 ಸಂಸ್ಥೆಗಳ ಪ್ರಬಂಧಗಳು ಅವು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ, ಈ ಪ್ರಬಂಧವನ್ನು ಹೊಗಳಿಯೇ ವಿಮರ್ಶೆ ಬರೆ ಅನ್ನೋ ಅರ್ಥದ ಸಾಲು. ಮನುಷ್ಯನ ಕಣ್ಣಿಗೆ ಬೀಳಲ್ಲ, ಎಐ ಓದಿಬಿಡುತ್ತೆ.

ಹಾಗಾದರೆ ನನ್ನ ನಿಲುವೇನು? ಸಾಧನ ಬೇಕು, ಎಲ್ಲ ಪ್ರಿಪ್ರಿಂಟ್ ತಾಣದಲ್ಲೂ ಬೇಕು. ಆದರೆ ವರದಿ ಮೊದಲು ಲೇಖಕರ ಕೈಗೆ ಹೋಗಬೇಕು, ಏರಿಸುವ ಗುಂಡಿ ಒತ್ತುವ ಮುಂಚೆ, ನಮ್ಮಲ್ಲಿ ಕೋಡ್ ಸೇರಿಸುವ ಮುಂಚೆ ಲಿಂಟ್ ಓಡುವ ಹಾಗೆ. ಕೂಡಿ ಕಳೆದ ಲೆಕ್ಕ ತೋರಿಸದ ಸಾಧನದ ಮಾತನ್ನು ಯಾರೂ ಹೊರಗೆ ಹೇಳಬಾರದು. ಗ್ರಿಮ್ ಹೇಳಿದ್ದನ್ನು ಹೈಸ್ಕೂಲು ಹುಡುಗ ಪೆನ್ಸಿಲ್ಲಲ್ಲಿ ಪರೀಕ್ಷಿಸಬಹುದು, ಅದಕ್ಕೇ ಅದು ನ್ಯಾಯವಾದ ಸಾಧನ. 100ಕ್ಕೆ 62 ಗುಣಮಟ್ಟ ಅಂತ ಅಂಕ ಕೊಡುವ ಸಾಧನ ಬಂದರೆ ನಾಳೆಯೇ ಜೆರಾಕ್ಸ್ ಅಂಗಡಿಯಲ್ಲಿ ಅದನ್ನೂ 90 ಮಾಡಿಕೊಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ಮೂಲ ದತ್ತಾಂಶ ಪ್ರಬಂಧದ ಜೊತೆಗೇ ಬರಬೇಕು. 21 ಜನರನ್ನು ಕೇಳಿ ಒಂಬತ್ತು ಜನ ಕೊಟ್ಟರು ಅನ್ನೋ ಲೆಕ್ಕ ನೆನಪಿದೆಯಲ್ಲ, ಉಳಿದ 12 ಪ್ರಬಂಧಗಳ ಬಗ್ಗೆ ಯಾವ ಯಂತ್ರವೂ ಏನೂ ಹೇಳಲಾರದು. ತಪ್ಪಿತಸ್ಥರನ್ನು ಹಿಡಿಯಲೂ ಆಗಲ್ಲ, ಸುಮ್ಮನೆ ಅನುಮಾನಕ್ಕೆ ಸಿಕ್ಕವರನ್ನು ಬಿಡಿಸಲೂ ಆಗಲ್ಲ.

ಅಜ್ಜಿ ಹೇಳಿದ್ದೂ ಅದನ್ನೇ. ಕ್ಯಾನಿನಲ್ಲಿ ಕೊಳವೆ ಬಿಟ್ಟು ಸುಮ್ಮನಾಗಬೇಡಿ, ಹಸುವಿನ ಹತ್ತಿರ ಬನ್ನಿ. ಹಟ್ಟಿಯ ಬಾಗಿಲು ತೆಗೆದಿಟ್ಟವರು ಮಾತ್ರ ಹಾಗೆ ಹೇಳಬಲ್ಲರು. ಪ್ರಬಂಧ ಬರೆಯುವವರೂ ಆ ಬಾಗಿಲು ತೆಗೆದಿಟ್ಟರೆ, ಅಳೆಯುವ ಸಾಧನ ಬರೆಯುವ ನಮ್ಮಂಥವರ ಕೆಲಸಕ್ಕೂ ಒಂದು ಅರ್ಥ ಬರುತ್ತೆ.